ಸೂರಿನಡಿ ತೂಗುವ ಹಡಗುಗಳು

ತಂಗಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು. ಕಳೆದ ಚಳಿಗಾಲದಲ್ಲಿ ಅವಳು ಅಮ್ಮನ ಮೊಬೈಲಿಗೆ ಒಂದು ಫೋಟೋ ಕಳಿಸಿದಳು. ಚರ್ಚಿನ ಎತ್ತರದ ಸೂರಿನಿಂದ ಒಂದು ಹಡಗು ತೂಗುತ್ತಿತ್ತು. ಕೂವೆಮರ, ಹಗ್ಗ, ಬಾವುಟ ಎಲ್ಲ ಇರುವ ಪೂರ್ತಿ ಹಡಗು. ಅಮ್ಮ ಫೋಟೋವನ್ನು ಬೆರಳಿಂದ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಹೆಣೆ, ಇದ್ ಹರ್ಕಿ ಅಲ್ದಾ?" ಅಂದಳು.

ಅಮ್ಮನಿಗೆ ಹಾಗೆ ಅನಿಸಿದ್ದು ಸಹಜ. ನಮ್ಮದು ಗಂಗೊಳ್ಳಿ. ಅಮ್ಮನ ಅಪ್ಪಯ್ಯ, ಅಂದರೆ ನನ್ನ ಅಜ್ಜ, ಮಂಜಿಯಲ್ಲಿ ಹೋಗುತ್ತಿದ್ದವರು. ಮಂಜಿ ಅಂದರೆ ನಮ್ಮ ಕರಾವಳಿಯ ಸರಕು ಸಾಗಿಸುವ ಹಾಯಿಹಡಗು. ಹಂಚು ತುಂಬಿಕೊಂಡು ಬೊಂಬಾಯಿಗೆ ಹೋದರೆ ತಿಂಗಳುಗಟ್ಟಲೆ ಸುದ್ದಿ ಇರುತ್ತಿರಲಿಲ್ಲ. ಮನೆಯಲ್ಲಿ ಅಜ್ಜಿ ಮರವಂತೆಯ ಮಾರಸ್ವಾಮಿಗೆ ಹರಕೆ ಹೇಳಿಕೊಳ್ಳುತ್ತಿದ್ದಳಂತೆ. ಹರಕೆ ಅಂದರೆ ಏನು, ಅದನ್ನು ತೀರಿಸುವುದು ಅಂದರೆ ಏನು, ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಜಿರೆ ಹತ್ತಿರದ ಸುರ್ಯ ಎಂಬ ಊರಿನ ದೇವಸ್ಥಾನಕ್ಕೂ ಅವಳು ಹೋಗಿ ಬಂದಿದ್ದಾಳೆ. ಅಲ್ಲಿ ಜನ ಮಣ್ಣಿನ ಮನೆ, ಮಣ್ಣಿನ ತೊಟ್ಟಿಲು, ಮಣ್ಣಿನ ಕೈಕಾಲು ಒಪ್ಪಿಸುತ್ತಾರಲ್ಲ, ಹಾಗೇ ಇದೂ ಅಂತ ಅವಳ ಲೆಕ್ಕ.

ಅದೇ ಪ್ರಶ್ನೆ ಇಟ್ಟುಕೊಂಡು ಜೂನ್ ತಿಂಗಳಲ್ಲಿ ನಾವಿಬ್ಬರೂ ಹೊರಟೆವು. ತಂಗಿ ಆರು ದಿನ ರಜೆ ಹಾಕಿದ್ದಳು.

ಮೊದಲ ದಿನ: ಕೋಪನ್‌ಹೇಗನ್

ಹಿಂದಿನ ರಾತ್ರಿ ಬಂದಿಳಿದಿದ್ದೆವು. ಹತ್ತು ಗಂಟೆ ದಾಟಿದರೂ ಆಕಾಶದಲ್ಲಿ ಬೆಳಕಿತ್ತು. ಅಮ್ಮನಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಗ್ಗೆ ತಿಂಡಿ ಮುಗಿಸಿ ನೇರ ಹೋಲ್ಮೆನ್ಸ್ ಚರ್ಚಿಗೆ ನಡೆದೆವು.

ಊರಿನ ನಡುವೆ, ಕಾಲುವೆಯ ಪಕ್ಕದಲ್ಲೇ ಇರುವ ಚರ್ಚು ಇದು. ಎದುರು ದಡದಲ್ಲಿ ಬೋರ್ಸೆನ್ ಎಂಬ ಹಳೆಯ ವ್ಯಾಪಾರದ ಕಟ್ಟಡ. 2024ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಅದರ ಗೋಪುರವೇ ಉರುಳಿತು. ಅದನ್ನು ಮತ್ತೆ ಕಟ್ಟುತ್ತಿದ್ದಾರೆ. ಬೆಂಕಿ ಬಿದ್ದ ದಿನ ಜನ ಒಳಗೆ ನುಗ್ಗಿ ಚಿತ್ರಪಟಗಳನ್ನು ಹೊತ್ತು ಹೊರಗೆ ತಂದರು. ತಂಗಿ ಅದನ್ನು ಟಿವಿಯಲ್ಲಿ ನೋಡಿದ್ದಳು. ಹೇಳುವಾಗ ಅವಳ ಗಂಟಲು ಕಟ್ಟಿತು.

ಹೋಲ್ಮೆನ್ಸ್ ಮೊದಲು ಚರ್ಚೇ ಆಗಿರಲಿಲ್ಲ. 1563ರಲ್ಲಿ ಕಟ್ಟಿದಾಗ ಅದು ನೌಕಾಪಡೆಗೆ ಲಂಗರು ಬಡಿಯುವ ಕುಲುಮೆ. 1619ರಲ್ಲಿ ರಾಜ ನಾಲ್ಕನೇ ಕ್ರಿಶ್ಚಿಯನ್ ಅದನ್ನು ನಾವಿಕರ ಚರ್ಚು ಮಾಡಿಸಿದ. ಇದನ್ನು ಹೇಳಿದಾಗ ಅಮ್ಮ ಗೋಡೆ ಮುಟ್ಟಿ ನೋಡಿದಳು. "ಲಂಗರು ಮಾಡಿದ ಜಾಗ ಅಂದ್ರೆ ಒಳ್ಳೇ ಜಾಗವೇ" ಅಂದಳು. ಲಂಗರು ಗಟ್ಟಿ ಇದ್ದರೆ ಅರ್ಧ ಭಯ ಹೋಯಿತು ಅಂತ ಅಜ್ಜ ಹೇಳುತ್ತಿದ್ದರಂತೆ.

ಒಳಗೆ ಬಣ್ಣ ಬಳಿಯದ ಓಕ್ ಮರದ ದೊಡ್ಡ ಕೆತ್ತನೆ ಇದೆ. 1661ರದ್ದು. ಅದನ್ನು ನೋಡಲೆಂದೇ ಬರುವವರಿದ್ದಾರೆ. ನಾವು ಮಾತ್ರ ಮೇಲೆ ನೋಡಿದೆವು. ಸೂರಿನಿಂದ ಒಂದು ಯುದ್ಧನೌಕೆ ತೂಗುತ್ತಿತ್ತು. ಹೆಸರು 'ಕ್ರಿಶ್ಚಿಯಾನಸ್ ಕ್ವಿಂಟಸ್'. 1677ರಲ್ಲಿ ಕ್ಯೋಗೆ ಕೊಲ್ಲಿಯಲ್ಲಿ ಸ್ವೀಡನ್ನಿನ ನೌಕಾಪಡೆಯನ್ನು ಸೋಲಿಸಿದ ನೀಲ್ಸ್ ಯೂಲ್ ಎಂಬ ಅಡ್ಮಿರಲ್‌ನ ಹಡಗು ಅದು. ಆ ಅಡ್ಮಿರಲ್‌ನ ಸಮಾಧಿಯೂ ಇದೇ ಚರ್ಚಿನಲ್ಲಿದೆ. ಹಡಗಿನ ಮಾದರಿ ಮೇಲೆ, ಅದನ್ನು ನಡೆಸಿದವನು ಕೆಳಗೆ.

ಅಮ್ಮ ಕತ್ತು ನೋಯುವಷ್ಟು ಹೊತ್ತು ನೋಡಿದಳು. ಆಮೇಲೆ ಹೇಳಿದಳು: "ಇದ್ ರಾಜನ ಹಡಗ್. ಬಡವರ್ದ್ ಎಲ್ಲಿತ್ತ್?"

ಇಲ್ಲಿಯ ಭಾಷೆಯ ಒಂದು ಚಂದದ ಸಂಗತಿಯನ್ನು ತಂಗಿ ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿದಳು. ಡೇನಿಷ್‌ನಲ್ಲಿ ಹಡಗಿಗೆ 'ಸ್ಕಿಬ್' ಅನ್ನುತ್ತಾರೆ. ಚರ್ಚಿನಲ್ಲಿ ಜನ ಕೂರುವ ಉದ್ದನೆಯ ನಡುಭಾಗಕ್ಕೂ 'ಸ್ಕಿಬ್' ಅನ್ನುತ್ತಾರೆ. ಲ್ಯಾಟಿನ್‌ನಿಂದ ಬಂದ ರೂಢಿ ಅದು. ಹಾಗಾಗಿ ಪ್ರಾರ್ಥನೆಗೆ ಕೂತವರೆಲ್ಲ ಒಂದು ಹಡಗಿನಲ್ಲೇ ಕೂತಿರುತ್ತಾರೆ. ಮೇಲೆ ತೂಗುವ ಪುಟ್ಟ ಹಡಗಿಗೆ 'ಕಿರ್ಕೆಸ್ಕಿಬ್', ಚರ್ಚಿನ ಹಡಗು.

ಎರಡನೇ ದಿನ: ಹೆಲ್ಸಿಂಗೋರ್

ರೈಲಿನಲ್ಲಿ ಮುಕ್ಕಾಲು ಗಂಟೆ. ಕಡಲ ಆಚೆ ದಡದಲ್ಲಿ ಸ್ವೀಡನ್ ಕಣ್ಣಿಗೆ ಕಾಣುತ್ತದೆ. ಅಷ್ಟು ಸಪೂರ ಜಲಸಂಧಿ. 1429ರಿಂದ 1857ರವರೆಗೆ ಇಲ್ಲಿಂದ ಹಾದು ಹೋಗುವ ಹಡಗುಗಳೆಲ್ಲ ಡೆನ್ಮಾರ್ಕಿನ ರಾಜನಿಗೆ ಸುಂಕ ಕಟ್ಟಬೇಕಿತ್ತು. ಕ್ರೋನ್‌ಬೋರ್ಗ್ ಕೋಟೆ ಆ ಸುಂಕದ ಕಾವಲು.

ಕೋಟೆಯ ಪಕ್ಕದಲ್ಲಿ ಕಡಲಯಾನದ ಮ್ಯೂಸಿಯಂ ಇದೆ. 2013ರಲ್ಲಿ ತೆರೆದದ್ದು. ಹಡಗು ರಿಪೇರಿ ಮಾಡುತ್ತಿದ್ದ ಹಳೆಯ ಡಾಕ್‌ನ ಸುತ್ತ, ನೆಲದ ಅಡಿಯಲ್ಲಿ ಕಟ್ಟಿದ್ದಾರೆ. ಮೇಲೆ ಕಟ್ಟಿದ್ದರೆ ಕೋಟೆ ಮರೆಯಾಗುತ್ತಿತ್ತು. ಡಾಕ್‌ನ ತಳದಲ್ಲಿ ನಿಂತು ಮೇಲೆ ನೋಡಿದರೆ, ನೀವೇ ಹಡಗಿನ ಜಾಗದಲ್ಲಿ ನಿಂತ ಹಾಗೆ ಅನಿಸುತ್ತದೆ. 1620ರಿಂದ 1845ರವರೆಗೆ ತಮಿಳುನಾಡಿನ ತರಂಗಂಬಾಡಿ ಡೇನರ ಕೈಯಲ್ಲಿತ್ತು. ಈ ಕಡಲಿನ ಹಡಗುಗಳು ನಮ್ಮ ಕಡಲಿಗೂ ಬಂದಿದ್ದವು ಎಂದು ಅಮ್ಮನಿಗೆ ಹೇಳಿದೆ. "ಹೌದಾ" ಅಂದಳು, ಅಷ್ಟೇ.

ಆ ದಿನ ಅಮ್ಮನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಹಡಗಿನ ಮಾದರಿಯನ್ನು ದೇವರ ಮನೆಗೆ ಒಪ್ಪಿಸುವ ರೂಢಿ ಯುರೋಪಿನ ದಕ್ಷಿಣದಲ್ಲಿ ತುಂಬ ಹಳೆಯದು. ಸ್ಪೇನಿನ ಮತಾರೋ ಹತ್ತಿರದ ಒಂದು ಸಣ್ಣ ಪ್ರಾರ್ಥನಾ ಮಂದಿರದಲ್ಲಿದ್ದ 15ನೇ ಶತಮಾನದ ಹಡಗಿನ ಮಾದರಿ ಈಗ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿದೆ. ಆ ಕಾಲದ ಹಡಗು ಹೇಗಿತ್ತು ಎಂದು ತಿಳಿಯಬೇಕಾದರೆ ವಿದ್ವಾಂಸರು ಇವತ್ತಿಗೂ ಅದನ್ನೇ ನೋಡುತ್ತಾರೆ. ಬಿರುಗಾಳಿಯಲ್ಲಿ ಸಿಕ್ಕಿಬಿದ್ದವರು ಮೇರಿ ಮಾತೆಗೆ ಹೇಳಿಕೊಂಡು, ಬದುಕಿ ದಡ ಸೇರಿದ ಮೇಲೆ ಹಡಗನ್ನು ಒಪ್ಪಿಸುವುದು. ಅದು ಸಾಕ್ಷಾತ್ ಹರಕೆ. ಅಮ್ಮ ಹೇಳಿದ್ದೇ ಸರಿ.

ಆದರೆ ಡೆನ್ಮಾರ್ಕು 1536ರಲ್ಲಿ ಲೂಥರನ ದಾರಿಗೆ ಬಂತು. ಆ ಮತದಲ್ಲಿ ಸಂತರಿಗೆ ಹರಕೆ ಹೊರುವುದಕ್ಕೆ ಜಾಗವಿಲ್ಲ. ಇಲ್ಲಿ ಇವತ್ತು ಕಾಣುವ ಹಡಗುಗಳೋ, ಹೆಚ್ಚಿನವು ಅದಾದ ಮೇಲಿನವು. ಹರಕೆ ಇಲ್ಲದಿದ್ದರೆ ಮತ್ತೇಕೆ ಸೂರಿಗೆ ಹಡಗು ಕಟ್ಟಿದರು? ರೈಲಿನಲ್ಲಿ ವಾಪಸ್ಸು ಬರುವಾಗ ಅಮ್ಮ ಇದನ್ನೇ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೇ ದಿನ: ಆರ್ಹುಸ್

ಕೋಪನ್‌ಹೇಗನ್‌ನಿಂದ ಆರ್ಹುಸ್‌ಗೆ ಮೂರು ಗಂಟೆ ರೈಲು. ನಡುವೆ ದೊಡ್ಡ ಕಡಲಗಾಲುವೆಯೊಂದನ್ನು ದಾಟಬೇಕು. ಮೊದಲು ಸುರಂಗ, ಆಮೇಲೆ ಸೇತುವೆ. 1997ರವರೆಗೆ ರೈಲನ್ನೇ ಹಡಗಿಗೆ ಹತ್ತಿಸಿ ದಾಟಿಸುತ್ತಿದ್ದರು.

ತಂಗಿ ಫೋಟೋ ತೆಗೆದ ಹಡಗು ಇಲ್ಲಿಯದೇ. ಆರ್ಹುಸ್‌ನ ದೊಡ್ಡ ಚರ್ಚು ಸಂತ ಕ್ಲೆಮೆಂಟ್‌ನ ಹೆಸರಿನದು. ಅವನನ್ನು ಲಂಗರಿಗೆ ಕಟ್ಟಿ ಕಡಲಿಗೆ ಎಸೆದು ಕೊಂದರು ಎಂಬ ಕಥೆ ಇದೆ. ಅದಕ್ಕೇ ಅವನು ನಾವಿಕರ ಸಂತ. ಚರ್ಚಿನ ಉದ್ದ 93 ಮೀಟರ್. ಡೆನ್ಮಾರ್ಕಿನಲ್ಲಿ ಇಷ್ಟುದ್ದದ ಚರ್ಚು ಇನ್ನೊಂದಿಲ್ಲ. ಗೋಡೆಗಳ ಮೇಲೆ ಹಳೆಯ ಚಿತ್ರಗಳು, ಬರ್ನ್ಟ್ ನೋಟ್ಕೆ 1479ರಲ್ಲಿ ಮಾಡಿದ ಮೂರ್ತಿಗಳ ಸಾಲು, ನೋಡಲು ಬೇಕಾದಷ್ಟಿದೆ.

ಹಡಗಿನ ಹೆಸರು 'ಎನಿಹೆಡೆನ್', ಅಂದರೆ ಒಗ್ಗಟ್ಟು. ಡೆನ್ಮಾರ್ಕಿನ ಚರ್ಚುಗಳಲ್ಲಿರುವ ಹಡಗುಗಳಲ್ಲೆಲ್ಲ ದೊಡ್ಡದು. ರಷ್ಯಾದ ದೊರೆ ಮಹಾ ಪೀಟರ್‌ಗಾಗಿ ಮಾಡಿಸಿದ ಮಾದರಿಯಂತೆ ಇದು. ಅದನ್ನು ಸಾಗಿಸುತ್ತಿದ್ದ ಹಡಗು ಡೆನ್ಮಾರ್ಕಿನ ಉತ್ತರ ತುದಿಯ ಸ್ಕಾಗೆನ್ ಹತ್ತಿರ ಮರಳಿಗೆ ಸಿಕ್ಕಿ ಒಡೆಯಿತು. ಮಾದರಿ ಉಳಿಯಿತು. ಅದು ಆರ್ಹುಸ್‌ನ ಕಡಲ ಜನರ ಕೈಗೆ ಬಂದು, 1720ರ ಹೊತ್ತಿಗೆ ಇಲ್ಲಿಗೆ ಸೇರಿತು ಎಂದು ಊರಿನವರು ಹೇಳುತ್ತಾರೆ. ನಿಜವಾದ ಹಡಗು ಮುಳುಗಿ, ಅದರ ಹೊಟ್ಟೆಯಲ್ಲಿದ್ದ ಮರದ ಹಡಗು ದಡ ಸೇರಿತು!

ನಾನು ಸರಿಯಾಗಿ ಅದರ ಕೆಳಗೆ ಹೋಗಿ ನಿಂತೆ. ಅಲ್ಲಿಂದ ನೋಡಿದಾಗಲೇ ಒಂದು ವಿಷಯ ಹೊಳೆಯಿತು. ದಡದಲ್ಲಿ ನಿಂತವರಿಗೆ ಹಡಗಿನ ಪಕ್ಕ ಕಾಣುತ್ತದೆ, ಹತ್ತಿದವರಿಗೆ ಅಟ್ಟ ಕಾಣುತ್ತದೆ. ಹೊಟ್ಟೆ ಮಾತ್ರ ಯಾರಿಗೂ ಕಾಣುವುದಿಲ್ಲ, ಅದು ನೀರೊಳಗೆ. ಇಲ್ಲಿ ನಮಗೆ ಕಾಣುವುದು ಹೊಟ್ಟೆಯೇ. ಅಂದರೆ ನಾವು ನಿಂತಿರುವುದು ನೀರಿನ ಅಡಿಯಲ್ಲಿ. ಮುಳುಗಿದವರು ನೋಡುವ ಹಾಗೆ ನಾವು ಹಡಗನ್ನು ನೋಡುತ್ತಿದ್ದೇವೆ. ಮೈ ಜುಂ ಅಂತು. ಅಮ್ಮನಿಗೆ ಹೇಳಲು ಹೋಗಲಿಲ್ಲ.

ಮಾಡಿದವರಿಗೂ ಇದು ಗೊತ್ತಿತ್ತು. ಚರ್ಚಿನ ಹಡಗು ಮಾಡುವಾಗ ಕೆಳಗಿನಿಂದ ನೋಡುವವರಿಗೆ ಚೆನ್ನಾಗಿ ಕಾಣಬೇಕೆಂದು ಅಳತೆಯನ್ನು ಹೆಚ್ಚುಕಮ್ಮಿ ಮಾಡುತ್ತಿದ್ದರು. ಫಿರಂಗಿಗಳು ಬೇಕಾದ್ದಕ್ಕಿಂತ ದಪ್ಪ. ಎಷ್ಟೋ ಹಡಗುಗಳನ್ನು ಮಾಡಿದವರು ಹಡಗಿನ ಬಡಗಿಗಳು, ಇಲ್ಲವೇ ಕಡಲಲ್ಲೇ ವಯಸ್ಸು ಕಳೆದ ನಾವಿಕರು. ಅಳತೆ ತಪ್ಪಿರಬಹುದು, ಆದರೆ ಯಾವ ಹಗ್ಗ ಎಲ್ಲಿಗೆ ಹೋಗಬೇಕು ಎನ್ನುವುದು ಅವರ ಕೈಗೇ ಗೊತ್ತಿತ್ತು. ಇನ್ನೊಂದು ವಿಷಯ: ಸರಕು ಸಾಗಿಸಿ ಬದುಕಿದ ಊರಿನವರೂ ಚರ್ಚಿಗೆ ಕೊಡುವಾಗ ಹೆಚ್ಚಾಗಿ ಫಿರಂಗಿ ಇರುವ ಯುದ್ಧನೌಕೆಯನ್ನೇ ಕೊಡುತ್ತಿದ್ದರು. ಅದು ಜಾಸ್ತಿ ಗತ್ತಿನದು. ನಮ್ಮಲ್ಲೂ ದೇವರಿಗೆ ಕೊಡುವುದನ್ನು ಇದ್ದುದರಲ್ಲಿ ಚಂದದ್ದೇ ನೋಡಿ ಕೊಡುತ್ತೇವೆ, ಅಲ್ವಾ?

ಆ ರಾತ್ರಿ ತಂಗಿಯ ಮನೆಯಲ್ಲಿ ಅನ್ನ, ಮೀನು ಸಾರು. ಅಮ್ಮ ಬ್ಯಾಗಿನಲ್ಲಿ ಮಸಾಲೆ ಪುಡಿ ತಂದಿದ್ದಳು.

ನಾಲ್ಕನೇ ದಿನ: ಎಸ್ಬ್ಯೆರ್, ಅಲ್ಲಿಂದ ಫಾನೋ

ಪಶ್ಚಿಮ ಕರಾವಳಿಗೆ ಬಂದೆವು. ಎಸ್ಬ್ಯೆರ್ ಹೊಸ ಊರು. 1864ರ ಯುದ್ಧದಲ್ಲಿ ಡೆನ್ಮಾರ್ಕು ದಕ್ಷಿಣದ ಜಾಗಗಳನ್ನು ಕಳೆದುಕೊಂಡಿತು. ಪಶ್ಚಿಮದ ಕಡಲಿಗೆ ಒಂದು ಬಂದರು ಬೇಕೆಂದು 1868ರಲ್ಲಿ ಇಲ್ಲಿ ಬಂದರು ಕಟ್ಟಲು ತೀರ್ಮಾನಿಸಿದರು. ಕಡಲ ದಂಡೆಯಲ್ಲಿ ನಾಲ್ಕು ಬಿಳಿ ಮನುಷ್ಯರು ಕೂತಿದ್ದಾರೆ. ಒಬ್ಬೊಬ್ಬರೂ 9 ಮೀಟರ್ ಎತ್ತರ. ಸ್ವೆಂಡ್ ವೀಗ್ ಹ್ಯಾನ್ಸನ್ ಮಾಡಿದ್ದು, 1995ರಿಂದ ಇಲ್ಲಿವೆ. ನಾಲ್ವರೂ ಮಾತಿಲ್ಲದೆ ಸುಮ್ನೆ ಕಡಲನ್ನೇ ನೋಡುತ್ತಾರೆ.

ಇಲ್ಲಿಂದ ಫಾನೋ ದ್ವೀಪಕ್ಕೆ 12 ನಿಮಿಷದ ಹಡಗು. ಕಾರುಗಳೂ ಹತ್ತುತ್ತವೆ. ಅಮ್ಮ ಒಳಗೆ ಕೂರಲಿಲ್ಲ, ಹೊರಗೆ ಕಂಬಿ ಹಿಡಿದು ನಿಂತಳು. ಇಳಿತದ ಹೊತ್ತು. ಆಚೀಚೆ ಕೆಸರಿನ ಬಯಲು ಹೊಳೆಯುತ್ತಿತ್ತು. "ನಮ್ಮ ಅಳಿವೆ ಕಂಡ್ಹಾಂಗೇ ಇತ್ತ್" ಅಂದಳು. ವಾಡೆನ್ ಕಡಲು ಎನ್ನುವ ಈ ಇಡೀ ಕೆಸರುಗಡಲು ಯುನೆಸ್ಕೋ ಪಟ್ಟಿಯಲ್ಲಿದೆ. ಡೆನ್ಮಾರ್ಕಿನ ಪಾಲು ಸೇರಿದ್ದು 2014ರಲ್ಲಿ.

ಫಾನೋದ ಕಥೆ ನನಗೆ ತುಂಬಾ ಇಷ್ಟವಾಯಿತು. 1741ರಲ್ಲಿ ರಾಜನಿಗೆ ಹಣ ಬೇಕಾಗಿ ದ್ವೀಪವನ್ನೇ ಹರಾಜಿಗೆ ಇಟ್ಟ. ಕೊಂಡವರು ಯಾರು? ದ್ವೀಪದ ಜನವೇ. ಮೀನು ಹಿಡಿದು, ಸಣ್ಣಪುಟ್ಟ ಸರಕು ಸಾಗಿಸಿ ಬದುಕುತ್ತಿದ್ದವರು ಹಣ ಒಟ್ಟು ಮಾಡಿ ತಮ್ಮ ನೆಲವನ್ನು ತಾವೇ ಕೊಂಡರು. ಅದರ ಜೊತೆಗೆ ಹಡಗು ಕಟ್ಟುವ ಹಕ್ಕೂ ಬಂತು. ಮುಂದಿನ ನೂರೈವತ್ತು ವರ್ಷದಲ್ಲಿ ಈ ಪುಟ್ಟ ದ್ವೀಪದಲ್ಲಿ ಸಾವಿರದಷ್ಟು ಹಾಯಿಹಡಗು ಕಟ್ಟಿದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಕೋಪನ್‌ಹೇಗನ್ ಬಿಟ್ಟರೆ ಡೆನ್ಮಾರ್ಕಿನಲ್ಲಿ ಹೆಚ್ಚು ಹಡಗಿದ್ದದ್ದು ಇಲ್ಲೇ. ಆಮೇಲೆ ಉಗಿಹಡಗು ಬಂತು, ಎದುರು ದಡದ ಎಸ್ಬ್ಯೆರ್ ಬೆಳೆಯಿತು. ಹಾಯಿಯ ಕಾಲ ಮುಗಿಯಿತು. ನಮ್ಮ ಮಂಜಿಗಳಿಗೆ ಲಾರಿ, ಹೆದ್ದಾರಿ ಬಂದ ಹಾಗೆ.

ನೋರ್ಬಿ ಎಂಬ ಊರಿನಲ್ಲಿ ಇಳಿದೆವು. ಇಲ್ಲಿಯ ಬೀದಿಗಳಲ್ಲಿ ನಡೆಯುವಾಗ ಕಿಟಕಿಗಳನ್ನು ನೋಡಬೇಕು. ಪಿಂಗಾಣಿ ನಾಯಿಗಳು ಜೋಡಿ ಜೋಡಿಯಾಗಿ ಕೂತಿರುತ್ತವೆ. ಬಿಳಿ ಮೈ, ಉದ್ದ ಕಿವಿ, ಕೊರಳಿಗೆ ಸರಪಳಿ. ಇಂಗ್ಲೆಂಡಿಗೆ ಹೋದ ನಾವಿಕರು ಹೆಂಡತಿಗೆಂದು ತಂದವು. ಗಂಡ ಕಡಲಿಗೆ ಹೋಗಿದ್ದರೆ ನಾಯಿಗಳ ಮುಖ ಹೊರಗೆ, ಬೀದಿಯ ಕಡೆ. ಮನೆಗೆ ಬಂದರೆ ಮುಖ ಒಳಗೆ. ಬೀದಿಯಲ್ಲಿ ಹೋಗುವವರಿಗೆ ಯಾರ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳದೆಯೇ ತಿಳಿಯುತ್ತಿತ್ತು ಎಂದು ಹೇಳುತ್ತಾರೆ.

ಅಮ್ಮ ಒಂದು ಕಿಟಕಿಯ ಮುಂದೆ ನಿಂತುಬಿಟ್ಟಳು. ಅಲ್ಲಿ ನಾಯಿಗಳು ಹೊರಗೆ ನೋಡುತ್ತಿದ್ದವು. ಈಗ ಅದೆಲ್ಲ ಅಲಂಕಾರ ಅಷ್ಟೇ ಇರಬಹುದು ಅಂತ ತಂಗಿ ಹೇಳಿದಳು. ಅಮ್ಮ ಒಪ್ಪಲಿಲ್ಲ. ಅಜ್ಜ ಬೊಂಬಾಯಿಗೆ ಹೋದಾಗೆಲ್ಲ ಅಜ್ಜಿ ಅವರ ಊಟದ ಮಣೆಯನ್ನು ಗೋಡೆಗೆ ಒರಗಿಸಿಡುತ್ತಿದ್ದಳಂತೆ. ಬೇರೆ ಯಾರೂ ಅದರ ಮೇಲೆ ಕೂರುವ ಹಾಗಿರಲಿಲ್ಲ. ಮಕ್ಕಳು ಕೂತರೆ ಪೆಟ್ಟು. ಇದನ್ನು ನಾನು ಕೇಳಿದ್ದು ಅವತ್ತೇ ಮೊದಲು.

ರಾತ್ರಿ ಊಟಕ್ಕೆ 'ಬಾಕ್‌ಸ್ಕುಲ್' ಸಿಕ್ಕಿತು. ಚಪ್ಪಟೆ ಮೀನನ್ನು ಉಪ್ಪು ಹಾಕಿ ಒಣಗಿಸಿ, ಹೊಗೆ ಕೊಟ್ಟು, ಬೆಣ್ಣೆಯಲ್ಲಿ ಹುರಿದು ಕಪ್ಪು ಬ್ರೆಡ್ಡಿನ ಮೇಲೆ ಇಟ್ಟು ಕೊಡುತ್ತಾರೆ. ನೋಡಲು ನಮ್ಮ ನಂಗು ಮೀನಿನ ನೆಂಟ. ಅಮ್ಮ ಮುಳ್ಳು ಬಿಡಿಸುವ ಚಂದ ನೋಡಿ ಬಡಿಸಿದ ಹುಡುಗಿ ನಕ್ಕಳು. ಇಡೀ ಪ್ರವಾಸದಲ್ಲಿ ಅಮ್ಮ ಎರಡನೇ ಸಲ ಕೇಳಿ ಹಾಕಿಸಿಕೊಂಡ ಊಟ ಅದೊಂದೇ.

ಐದನೇ ದಿನ: ಸೋನರ್‌ಹೋ

ದ್ವೀಪದ ದಕ್ಷಿಣ ತುದಿಯ ಊರು. ಬಸ್ಸಿನಲ್ಲಿ ಹೋದೆವು. 2011ರಲ್ಲಿ ಇದನ್ನು ಡೆನ್ಮಾರ್ಕಿನ ಅತಿ ಚಂದದ ಹಳ್ಳಿ ಎಂದು ಆರಿಸಿದ್ದರು. ಹುಲ್ಲಿನ ಮಾಡಿನ ತಗ್ಗು ಮನೆಗಳು. ಎಲ್ಲವೂ ಪೂರ್ವ ಪಶ್ಚಿಮಕ್ಕೆ ಉದ್ದವಾಗಿ ಮಲಗಿವೆ. ಪಶ್ಚಿಮದ ಗಾಳಿಗೆ ಮನೆಯ ಸಣ್ಣ ಮುಖ ಮಾತ್ರ ಸಿಗಲಿ ಅಂತ. ಬಾಗಿಲ ಮೇಲೆ ಇಟ್ಟಿಗೆಯ ತ್ರಿಕೋನದ ಗೋಡೆ ಎತ್ತರಕ್ಕೆ ಎದ್ದಿರುತ್ತದೆ. ಮಾಡಿಗೆ ಬೆಂಕಿ ಹಿಡಿದರೆ ಉರಿಯುವ ಹುಲ್ಲು ಬಾಗಿಲಿಗೆ ಅಡ್ಡ ಬೀಳದೆ ಒಳಗಿದ್ದವರು ಹೊರಗೆ ಓಡಬಹುದು. ಗಂಡಸರೆಲ್ಲ ಕಡಲಿನಲ್ಲಿರುವಾಗ ಹೊಲ, ದನ, ಮನೆ ಎಲ್ಲ ಹೆಂಗಸರದ್ದೇ. ಬಿಸಿಲು ಮತ್ತು ಹಾರುವ ಮರಳಿನಿಂದ ಮುಖ ಉಳಿಸಿಕೊಳ್ಳಲು ಅವರು ಬಟ್ಟೆಯ ಮುಖವಾಡ ಹಾಕಿಕೊಂಡು ಹೊಲದಲ್ಲಿ ದುಡಿಯುತ್ತಿದ್ದರು.

ಚರ್ಚು 1782ರದ್ದು. ಒಳಗೆ ಹೋಗುವವರೆಗೆ ವಿಶೇಷ ಏನೂ ಅನಿಸುವುದಿಲ್ಲ. ಉದ್ದಕ್ಕೆ ಒಂದೇ ಹಾಲು. ಬಾಗಿಲು ದಾಟಿ ತಲೆ ಎತ್ತಿದರೆ ಹಡಗುಗಳು. ಒಂದರ ಹಿಂದೆ ಒಂದು. 15 ಹಡಗುಗಳು. ಡೆನ್ಮಾರ್ಕಿನ ಬೇರೆ ಯಾವ ಚರ್ಚಿನಲ್ಲೂ ಇಷ್ಟಿಲ್ಲ. ಮಾಡು ತಗ್ಗು, ಹಾಗಾಗಿ ಹಡಗುಗಳು ತೀರಾ ಹತ್ತಿರ. ಆರ್ಹುಸ್‌ನಲ್ಲಿ ದೂರದಿಂದ ನೋಡಿದ್ದು ಇಲ್ಲಿ ಕೈಗೆ ಸಿಗುವಷ್ಟು ಹತ್ತಿರ ಅನಿಸುತ್ತದೆ.

ಅಮ್ಮ ಮಾತಾಡಲಿಲ್ಲ. ನಡುವಿನ ಒಂದು ಬೆಂಚಿನಲ್ಲಿ ಕೂತು, ಬೆನ್ನು ಒರಗಿಸಿ, ಮೇಲೆ ನೋಡತೊಡಗಿದಳು.

ನಾನು ಒಂದು ಹಡಗನ್ನು ಆರಿಸಿಕೊಂಡು ಅದನ್ನೇ ನೋಡಿದೆ. ಮೂರು ಕೂವೆಮರ. ಪ್ರತಿ ಕೂವೆಯಿಂದ ಎರಡೂ ಪಕ್ಕಕ್ಕೆ ಇಳಿದ ಹಗ್ಗಗಳು. ಆ ಹಗ್ಗಗಳಿಗೆ ಅಡ್ಡಡ್ಡ ಕಟ್ಟಿದ ನೂಲಿನ ಮೆಟ್ಟಿಲು. ನಾವಿಕ ಹಾಯಿ ಬಿಚ್ಚಲು ಹತ್ತುವ ಮೆಟ್ಟಿಲು ಅದು. ಒಂದೊಂದು ಮೆಟ್ಟಿಲಿಗೂ ಗಂಟು ಹಾಕಿದ್ದಾರೆ. ಒಂದು ಪಕ್ಕಕ್ಕೆ ಎಷ್ಟು ಗಂಟು ಎಂದು ಎಣಿಸಲು ಶುರು ಮಾಡಿ, ಮೂವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ಬೆರಳಿನ ಉಗುರಿಗಿಂತ ಸಣ್ಣ ಜಾಗದಲ್ಲಿ ಹಾಕಿದ ಗಂಟುಗಳು. ಕೆಳಗಿನಿಂದ ನೋಡುವವರಿಗೆ ಅವು ಕಾಣುವುದೇ ಇಲ್ಲ. ಆದರೂ ಒಂದನ್ನೂ ಬಿಟ್ಟಿಲ್ಲ. ಯಾವುದೋ ಚಳಿಗಾಲದಲ್ಲಿ, ದೀಪದ ಬೆಳಕಿನಲ್ಲಿ, ಒಬ್ಬ ಮನುಷ್ಯ ಕೂತು ಇಷ್ಟನ್ನೂ ಕಟ್ಟಿದ್ದಾನೆ.

ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಹೂವಿನ ನೀರು ಬದಲಿಸುತ್ತಿದ್ದರು. ತಂಗಿ ಅವರ ಹತ್ತಿರ ಡೇನಿಷ್‌ನಲ್ಲಿ ಕೇಳಿದಳು, ಇವೆಲ್ಲ ಹರಕೆಯವಾ ಎಂದು. ಅವರು ಹೂದಾನಿ ಕೆಳಗಿಟ್ಟು ತಲೆ ಅಲ್ಲಾಡಿಸಿದರು. ಅಲ್ಲ, ಕಾಣಿಕೆ. ಊರಿನ ನಾವಿಕರು, ಅವರ ಮನೆಯವರು ಕೊಟ್ಟದ್ದು. ಬದುಕಿ ಬಂದದ್ದಕ್ಕೇ ಅಂತಲ್ಲ. ಭಾನುವಾರ ಪ್ರಾರ್ಥನೆಗೆ ಸೇರುವಾಗ ಊರಿನ ಅರ್ಧ ಜನ ಇಲ್ಲಿರುತ್ತಿರಲಿಲ್ಲ. ಅವರು ಕಡಲಿನ ಮೇಲೆ. ಬೆಂಚಿನಲ್ಲಿ ಹೆಂಗಸರು, ಮಕ್ಕಳು, ಮುದುಕರು. "ಅವರೂ ನಮ್ಮ ಜೊತೆ ಇರಲಿ ಅಂತ" ಎಂದು ಹೇಳಿ, ಕೈ ಎತ್ತಿ ಹಡಗುಗಳನ್ನು ತೋರಿಸಿದರು.

ತಂಗಿ ಇದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮನಿಗೆ ಒಂದೇ ಸಲಕ್ಕೆ ಅರ್ಥವಾಯಿತು. "ಮಣೆ" ಅಂದಳು. ನಾನು ಅವಳ ಮುಖ ನೋಡಿದೆ. ಹೌದು, ಗೋಡೆಗೆ ಒರಗಿಸಿಟ್ಟ ಮಣೆ. ಹೊರಗೆ ಮುಖ ಮಾಡಿ ಕೂತ ನಾಯಿಗಳು. ಸೂರಿಗೆ ತೂಗಿದ ಹಡಗು. ಮೂರು ದಿನದಿಂದ ನಾನು ಹರಕೆಯೋ ಕಾಣಿಕೆಯೋ ಎಂದು ತಲೆ ಕೆಡಿಸಿಕೊಂಡಿದ್ದೆ. ಅಮ್ಮ ಅದನ್ನು ಊಟದ ಮನೆಗೆ ತಂದು ಇಟ್ಟಳು.

ಚರ್ಚಿನ ಹಡಗಿನ ಮೂತಿ ಸಾಮಾನ್ಯವಾಗಿ ಪೂಜಾಪೀಠದ ಕಡೆಗೇ ಇರುತ್ತದೆ. ಹೊರಗೆ ಹೋಗುವ ಹಡಗಲ್ಲ, ಒಳಗೆ ಬರುವ ಹಡಗು.

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಆ ಹೆಂಗಸು ಅಮ್ಮನ ಪಕ್ಕ ಬಂದು ಕೂತರು. ಅಮ್ಮನಿಗೆ ಡೇನಿಷ್ ಬಾರದು, ಅವರಿಗೆ ಕನ್ನಡ ಬಾರದು. ಅಮ್ಮ ಮೇಲೆ ಬೆರಳು ತೋರಿಸಿ "ಕೂವೆಮರ" ಅಂದಳು. ಅವರು "ಮಾಸ್ಟ್" ಅಂದರು. ಅಮ್ಮ "ಹಗ್ಗ" ಅಂದಳು. ಅವರು "ರೆಬ್". "ಲಂಗರು" ಅಂದಾಗ "ಅಂಕರ್". ಹೀಗೇ ಇಬ್ಬರೂ ಹಡಗಿನ ಮೂತಿಯಿಂದ ಹಿಂದಿನವರೆಗೆ ಹೋದರು. ಕೊನೆಗೆ ಅವರು ಹಡಗಿನ ಹಿಂಭಾಗದಲ್ಲಿ ಬರೆದ ಹೆಸರನ್ನು ತೋರಿಸಿ, ಅಮ್ಮನ ಕಡೆ ಕೈ ಮಾಡಿ ಏನೋ ಕೇಳಿದರು. ನಿಮ್ಮದರ ಹೆಸರೇನು ಅಂತ ಇರಬೇಕು. ಅಮ್ಮ ತಡವರಿಸಲಿಲ್ಲ. "ಲಕ್ಷ್ಮೀಪ್ರಸಾದ" ಅಂದಳು.

ಅಜ್ಜನ ಮಂಜಿಯ ಹೆಸರು. ನಾನೂ ತಂಗಿಯೂ ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಆ ಹೆಂಗಸು ಎರಡು ಸಲ ಹೇಳಿ ನೋಡಿದರು. ಎರಡನೇ ಸಲ ಸರಿಯಾಗಿ ಬಂತು.

ಹೊರಗೆ ಕಡಲಿನಲ್ಲಿ ಸತ್ತವರ ನೆನಪಿನ ತೋಟ ಇದೆ. ಸಮಾಧಿ ಇಲ್ಲದವರ ಹೆಸರುಗಳು. ಅಲ್ಲಿ ಸ್ವಲ್ಪ ಹೊತ್ತು ನಿಂತೆವು. ಗಾಳಿ ಜೋರಾಗಿತ್ತು.

ಆರನೇ ದಿನ: ವಾಪಸ್ಸು

ಬೆಳಗ್ಗೆ ಮೋಡ. ಗಂಗೊಳ್ಳಿಯಿಂದ ಚಿಕ್ಕಮ್ಮ ಫೋನ್ ಮಾಡಿ ಮೂರು ದಿನದಿಂದ ಬಿಡದೆ ಮಳೆ ಎಂದಳು. "ಮಂಜಿ ಎಲ್ಲ ದಡಕ್ಕೆ ಎಳ್ದಿಡು ಹೊತ್ತ್" ಎಂದು ಅಮ್ಮ ತನ್ನಷ್ಟಕ್ಕೆ ಹೇಳಿಕೊಂಡಳು. ಅಜ್ಜ ಮನೆಯಲ್ಲಿರುತ್ತಿದ್ದ ತಿಂಗಳುಗಳು ಅವು. ಮಣೆ ಗೋಡೆಯಿಂದ ಇಳಿದು ನೆಲಕ್ಕೆ ಬರುತ್ತಿದ್ದ ತಿಂಗಳುಗಳು.

ನೋರ್ಬಿಯಿಂದ ಹಡಗು ಹತ್ತಿದ ಮೇಲೆ ಅಮ್ಮ ಪೆನ್ನು ಕೇಳಿದಳು. ಚರ್ಚಿನಲ್ಲಿ ಕೊಟ್ಟಿದ್ದ ಕಾಗದದ ಹಿಂದೆ ಗೆರೆ ಎಳೆಯತೊಡಗಿದಳು. ಮೊದಲು ಹೊಟ್ಟೆ. ಆಮೇಲೆ ಕೂವೆಮರ. ನೇರ ಎಳೆದು, ನೋಡಿ, ಅದರ ಮೇಲೆ ಗೀಟು ಹಾಕಿದಳು. "ಇಲ್ಲೆ, ಇದ್ ಇವ್ರದ್ದ್ ಆಯ್ತ್. ನಮ್ಮದ್ ಮುಂದಕ್ಕೆ ಬಾಗಿರತ್ತ್" ಎಂದು ಮತ್ತೆ ಎಳೆದಳು. ಈ ಸಲ ಕೂವೆ ಮೂತಿಯ ಕಡೆಗೆ ವಾಲಿತ್ತು. ಹಾಯಿ ಎಷ್ಟು ದೊಡ್ಡದು, ಚುಕ್ಕಾಣಿ ಎಲ್ಲಿ, ಹಂಚು ಎಲ್ಲಿಯವರೆಗೆ ತುಂಬುತ್ತಿದ್ದರು ಎಂದು ತಂಗಿ ಒಂದೊಂದೇ ಕೇಳಿದಳು. ಅಮ್ಮ ಬರೆಯುತ್ತಲೇ ಹೇಳಿದಳು.

ಎಸ್ಬ್ಯೆರ್ ಬಂತು. ಕಾರುಗಳು ಇಳಿಯತೊಡಗಿದವು. ಹಾಯಿಯ ಹಗ್ಗ ಇನ್ನೂ ಬಾಕಿ ಇತ್ತು. ನಾನು ಅಮ್ಮನ ಬ್ಯಾಗನ್ನು ನನ್ನ ಹೆಗಲಿಗೆ ಹಾಕಿಕೊಂಡು, ಕಾಗದ ಗಾಳಿಗೆ ಹಾರದ ಹಾಗೆ ಒಂದು ತುದಿ ಹಿಡಿದುಕೊಂಡೆ.